ಬಾಗಿಲಾಚೆ ಕೇಳಿದ ಮೂರು ಕೆಮ್ಮು

ಬ್ಯಾಡಗಿ

ಜಪಾನಿನಿಂದ ಬಂದು ನಾಲ್ಕು ತಿಂಗಳಾಯಿತು. ಓಣಿಯ ಹೆಂಗಸರು ಈಗಲೂ ನಲ್ಲಿಯ ಹತ್ತಿರ ನಿಲ್ಲಿಸಿ, “ಹೆಂಗಿತ್ತವಾ ಜಪಾನ?” ಎಂದು ಕೇಳುತ್ತಾರೆ. ರೈಲು ಬಾಣದಂತೆ ಹೋಗುತ್ತದೆ ಎನ್ನುತ್ತೇನೆ. ಬೀದಿಯಲ್ಲಿ ಕಾಗದದ ಚೂರೂ ಸಿಗುವುದಿಲ್ಲ ಎನ್ನುತ್ತೇನೆ. ಅವರು ಮೂಗಿನ ಮೇಲೆ ಬೆರಳಿಟ್ಟು, ಕೊಡ ಎತ್ತಿಕೊಂಡು ಹೋಗುತ್ತಾರೆ. ನನಗೆ ನೆನಪಾಗುವುದು ರೈಲಲ್ಲ. ಒಂದು ಜಾರುಬಾಗಿಲು, ಅದನ್ನು ಒಳಗಿನಿಂದ ಒತ್ತಿ ಹಿಡಿದಿದ್ದ ನನ್ನ ಎರಡು ಕೈ, ಬೆನ್ನ ಹಿಂದೆ ಕೋಣೆಯಲ್ಲಿದ್ದ ನನ್ನ ಆರು ವರ್ಷದ ಮಗಳು ಸವಿತಾ. ಎಷ್ಟು ಹೊತ್ತು ಹಾಗೆ ಹಿಡಿದಿದ್ದೆ? ಒಂದು ದಿನ ನೆನೆಸಿಕೊಂಡರೆ ಅರ್ಧ ನಿಮಿಷವಾಗುತ್ತದೆ, ಇನ್ನೊಂದು ದಿನ ಎರಡು ನಿಮಿಷವಾಗುತ್ತದೆ. ಬರೆದು ನೋಡಿದರೆ ಒಂದು ಕಡೆ ನಿಂತೀತೆಂದು ಬರೆಯುತ್ತಿದ್ದೇನೆ.

ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮನೆತನ. ಹಿರಿಯರೆಂದರೆ ನಮ್ಮ ಯಜಮಾನರ ಚಿಕ್ಕಪ್ಪ. ಮನೆಯವರೆಲ್ಲ ಕಾಕಾ ಎನ್ನುವುದರಿಂದ ನನಗೂ ಅವರು ಕಾಕಾ. ಮಾರುಕಟ್ಟೆಯಲ್ಲಿ ಅವರ ಮಾತೊಂದು ಗಾದೆಯ ಹಾಗೆ ನಡೆಯುತ್ತದೆ: “ಚೀಲದ ಬಾಯಿ ನೋಡಿದಾಂವ ಕೆಟ್ಟ, ತಳ ನೋಡಿದಾಂವ ಬದುಕಿದ.” ಚೀಲದ ಬಾಯಲ್ಲಿ ಕೆಂಪಗೆ ಮಿರುಗುವ ಕಾಯಿ, ತಳದಲ್ಲಿ ನೀರು ಹೊಡೆದು ತೂಕ ಕಟ್ಟಿದ ಕಾಯಿ. ಐವತ್ತು ವರ್ಷ ಅವರು ತೋಳಿನವರೆಗೆ ಕೈ ಇಳಿಸಿ ತಳದ ಕಾಯಿಯನ್ನೇ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದಾರೆ. ಬೀಜ ಗಲಗಲ ಎಂದರೆ ಒಣಗಿದ್ದು. ಮನುಷ್ಯರನ್ನೂ ಅವರು ಹಾಗೇ ಅಲ್ಲಾಡಿಸಿ ನೋಡುತ್ತಾರೆ.

ಕೆಲವು ವರ್ಷದ ಹಿಂದೆ ಮಾರುಕಟ್ಟೆಗೆ ಬಣ್ಣದ ಕಾಯಿ ನೋಡಲು ಒಬ್ಬ ಜಪಾನಿಯವನು ಬಂದಿದ್ದ. ಸೀನಿ ಸೀನಿ ಕಣ್ಣು ಕೆಂಪಾಗಿದ್ದರೂ ಆತ ಅಂಗಿಯ ತೋಳು ಮಡಿಚಿ ಚೀಲದ ತಳಕ್ಕೆ ಕೈ ಹಾಕಿದನಂತೆ. ಆತ ಏನೂ ಕೊಳ್ಳಲಿಲ್ಲ. ಆದರೆ ಕಾಕಾ ಮನೆಗೆ ಬಂದು, “ಸಂಶೇ ಪಡೂದು ಗೊತ್ತಿರೋ ಮಂದಿ ಐತಿ ನೋಡ್ರಿ ಅದು. ಸಾಯೂದ್ರಾಗ ಆ ದೇಶ ನೋಡ್ಬೇಕು” ಎಂದರು.

“ಕಾಶಿಗೆ ಹೋಗೂಣು ಅಂದ್ರ ಮೊಣಕಾಲ ನೋವು ಅಂತೀ, ಜಪಾನಕ್ಕ ಹೊಕ್ಕೀಯೇನು?” ಎಂದು ಅಣಕಿಸಿದವರು ನಮ್ಮ ಅತ್ತೆ.

“ಕಾಶಿ ಎಲ್ಲಿಗೂ ಹೋಗಂಗಿಲ್ಲ ವೈನಿ. ಅಲ್ಲೇ ಇರ್ತೈತಿ” ಎಂದರು ಕಾಕಾ ತಮ್ಮ ಅತ್ತಿಗೆಗೆ.

ಹಾಗೆ ಶುರುವಾಯಿತು.

ರಾಣೇಬೆನ್ನೂರು, ಫೋಟೋ ಸ್ಟುಡಿಯೋ

ಹಾವೇರಿ ಇವತ್ತೋ ನಾಳೆಯೋ ಜಿಲ್ಲೆಯಾಗುತ್ತದೆಂಬ ಸುದ್ದಿಯನ್ನು ನಂಬಿ ಅಲ್ಲಿ ಬಸ್‌ಸ್ಟ್ಯಾಂಡಿನ ಎದುರು ಒಬ್ಬ ಹೊಸದಾಗಿ ಪ್ರವಾಸದ ಆಫೀಸು ತೆರೆದಿದ್ದ. ಬೆಂಗಳೂರಿನ ಕಂಪನಿಯೊಂದರ ಏಜೆಂಟ್. ನಾವು ಐದೇ ಜನ, ನಮಗೇ ಬೇರೆ ಗೈಡು, ಪಟ್ಟಣವೂ ಹಳ್ಳಿಯೂ ಎರಡೂ ಉಂಟು ಎಂದು ಬಣ್ಣದ ಪುಸ್ತಕ ಕೊಟ್ಟು ಕಳಿಸಿದ. ಕಾಕಾ ಆ ಪುಸ್ತಕವನ್ನು ನಾಲ್ಕು ದಿನ ದಿಂಬಿನ ಕೆಳಗಿಟ್ಟುಕೊಂಡರು. ಐದನೆಯ ದಿನ ಪಾಸ್‌ಪೋರ್ಟ್ ಫೋಟೋಕ್ಕೆಂದು ರಾಣೇಬೆನ್ನೂರಿಗೆ ಹೋದಾಗ ಸ್ಟುಡಿಯೋ ನಡೆಸುವ ದಾವಲಸಾಬರ ಮುಂದೆ ಹರವಿದರು. ಹಿಮದ ಟೋಪಿಯ ಗುಡ್ಡ, ಅದರ ಮುಂದೆ ಗುಲಾಬಿ ಹೂವಿನ ಗಿಡ.

“ದಾವಲ್, ಇದು ಖರೇ ಗುಡ್ಡಾನೋ, ನಿನ್ನಂಗ ಪರದೇಕ ಬಣ್ಣ ಬಳದಿದ್ದೋ?”

ದಾವಲಸಾಬರ ಹಿಂದೆ ಅವರದೇ ಪರದೆ ತೂಗುತ್ತಿತ್ತು. ತಾಜಮಹಲು, ಎರಡು ಹಂಸ. ನಮ್ಮ ಭಾಗದ ಅರ್ಧ ಮದುಮಕ್ಕಳು ಅದರ ಮುಂದೆ ನಿಂತವರೇ. ಅವರು ಕನ್ನಡಕ ಏರಿಸಿ, ಪುಸ್ತಕವನ್ನು ಬೆಳಕಿಗೆ ಹಿಡಿದು, “ಖರೇ ಗುಡ್ಡ ಐತ್ರೀ ಸಾವ್ಕಾರ್ರ. ಪರದೇ ಆಗಿದ್ರ ಇಷ್ಟು ಸುಮಾರ ಬರೀತಿದ್ದಿಲ್ರಿ, ಇನ್ನಾ ಚಂದ ಬರೀತಿದ್ರು” ಎಂದರು.

ಕಾಕಾಗೆ ಆ ತರ್ಕ ಹಿಡಿಸಿತು. ಹೊರಡುವುದು ಗಟ್ಟಿಯಾಯಿತು. ನಾನು ಅದೇ ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವಳು. ಮನೆಯಲ್ಲಿ ಇಂಗ್ಲಿಷ್ ಧೈರ್ಯವಾಗಿ ಮಾತಾಡುವವಳು ನಾನೊಬ್ಬಳೇ. ಆದ್ದರಿಂದ ಗೈಡಿನ ಮಾತು ಮನೆಯವರಿಗೆ, ಮನೆಯವರ ಮಾತು ಗೈಡಿಗೆ ದಾಟಿಸುವ ಕೆಲಸ ನನಗೆ ಬಂತು. ಅತ್ತೆ ತಮ್ಮ ಕೆಲಸ ತಾವೇ ಹಚ್ಚಿಕೊಂಡರು. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆಂಪು ಖಾರದ ಜೊತೆಗೆ ಒಂದು ಬಿಳಿ ಬಟ್ಟೆಯ ಗಂಟು. ಅದರಲ್ಲಿ ಹರಳುಪ್ಪು, ಒಂದು ಹಿಡಿ ಒಣ ಮೆಣಸಿನಕಾಯಿ.

“ಇದ್ಯಾಕ್ರೀ ಅತ್ತಿ?”

“ಹೊಸಾ ದೇಶ. ಯಾರ ಕಣ್ಣು ಹೆಂಗಿರ್ತಾವೋ!”

ಮಗುವಿಗೆ ದೃಷ್ಟಿ ತಾಗಿದರೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುವುದು ನಮ್ಮಲ್ಲಿ ಎಲ್ಲರ ಮನೆಯ ರೂಢಿ. ಘಾಟು ಎದ್ದು ಎಲ್ಲರೂ ಕೆಮ್ಮಿದರೆ ದೃಷ್ಟಿಯೇನೂ ಇರಲಿಲ್ಲ. ಘಾಟೇ ಬರದಿದ್ದರೆ ಭಾರಿ ದೃಷ್ಟಿಯಿತ್ತು, ಈಗ ಹೋಯಿತು. ಈ ಲೆಕ್ಕ ನಿಮಗೂ ಗೊತ್ತಿರುತ್ತದೆ. ಮುಂದಕ್ಕೆ ಬೇಕಾಗುವುದರಿಂದ ಹೇಳಿದೆ.

ಟೋಕಿಯೊ

ವಿಮಾನ ನಿಲ್ದಾಣದಲ್ಲಿ ನಮ್ಮ ಹೆಸರಿನ ಹಲಗೆ ಹಿಡಿದು ನಿಂತಿದ್ದವರು ನಮ್ಮ ಗೈಡು ಓಕಾಬೆ. ಅರವತ್ತರ ಆಸುಪಾಸು, ಸಣ್ಣ ದೇಹ, ಒತ್ತಾಗಿ ಬಾಚಿದ ಬಿಳಿ ಕೂದಲು. ಬಾಗಿ ನಮಸ್ಕರಿಸಿದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ತೋರುಬೆರಳು ಚಾಚಿ ನಮ್ಮನ್ನು ಎಣಿಸಿದ್ದು. ಕಾಕಾ, ಅತ್ತೆ, ಇವರು, ನಾನು, ಸವಿತಾ. ತುಟಿ ಅಲ್ಲಾಡಿಸಿ ಐದು ಎಂದುಕೊಂಡು ತಲೆಯಾಡಿಸಿದರು.

ಅತ್ತೆ ತಕ್ಷಣ ಮೊಮ್ಮಗಳನ್ನು ಸೆರಗಿನ ಹಿಂದೆ ಎಳೆದುಕೊಂಡರು. “ಕೂಸನ್ನ ಎಣಸ್ತಾನಲ್ಲ ಇಂವ! ಕುರಿ ಏನು?”

ಅವರು ಎಣಿಸುವುದು ನಿಲ್ಲಲಿಲ್ಲ. ಬಸ್ಸು ಹತ್ತುವ ಮುಂಚೆ ಐದು, ಇಳಿದ ಮೇಲೆ ಐದು. ರೈಲಿನಲ್ಲಿ ನಾವು ಕಣ್ಣು ಮುಚ್ಚಿದಾಗ ಐದು. ಹೋಟೆಲಿನ ಕೋಣೆಯ ಹೊರಗೆ ಚಪ್ಪಲಿಗಳನ್ನೂ ಎಣಿಸುತ್ತಿದ್ದರು. ಊಟಕ್ಕೆ ಕುಳಿತರೆ ನಮ್ಮ ಬಟ್ಟಲುಗಳ ಮೇಲೆ ಮೂಗು ತಂದು ಮೂಸಿ, ಕೆಲವನ್ನು ದೂರ ಸರಿಸುತ್ತಿದ್ದರು. ಅದರಲ್ಲಿ ಮೀನಿನ ನೀರಿದೆ, ನೀವು ತಿನ್ನುವಂತಿಲ್ಲ ಎನ್ನುತ್ತಿದ್ದರು. ನಾನು ಹಾಗೇ ಹೇಳಿದೆ.

“ಛಲೋದು ಬಂದಾಗೆಲ್ಲಾ ಮೀನ ಅಂತಾನ” ಎಂದರು ಕಾಕಾ. “ನಾವು ಎದ್ದಮ್ಯಾಲ ಯಾರ ತಿಂತಾರ ನೋಡು.”

ನಾನು ಹಿಂತಿರುಗಿ ನೋಡಿದ್ದೂ ಉಂಟು. ಯಾರೂ ತಿನ್ನಲಿಲ್ಲ. ಆದರೂ ನೋಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಎರಡನೆಯ ದಿನ ಕಾಕಾ ತಮ್ಮ ಕರಿ ಟೊಪ್ಪಿಗೆಯನ್ನು ರೈಲಿನಲ್ಲಿ ಮರೆತರು. ಹುಬ್ಬಳ್ಳಿ ರೈಲಿನಲ್ಲಾಗಿದ್ದರೆ ಅದರ ಆಸೆ ಅಲ್ಲಿಗೇ ಬಿಡುತ್ತಿದ್ದೆವು. ಮರುದಿನ ಬೆಳಿಗ್ಗೆ ಓಕಾಬೆ ಅದನ್ನು ಕಾಗದದಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು. ಕಾಕಾ ಟೊಪ್ಪಿಗೆಯ ಒಳಗೆ ಕೈ ಹಾಕಿ, ಅಸ್ತರು ತಿರುವಿ, ಹೊಲಿಗೆ ಎಳೆದು ನೋಡಿದರು. ಎಲ್ಲ ಸರಿಯಿತ್ತು.

“ಕಳದ ಟೊಪಿಗಿ ತಾನ ಬಂತು ಅಂದ್ರ ಏನರ್ಥ? ಅಂವನ ತಗದಿಟ್ಟಿದ್ದ. ನಮ್ಮ ವಿಶ್ವಾಸ ಗಳಸಾಕ.”

“ಏನ್ ಕಾಕಾ, ಒಂದು ಟೊಪಿಗಿ ಸಲುವಾಗಿ ಇಷ್ಟ್ಯಾಕ ಮಾಡ್ತಾನ ಪಾಪ” ಎಂದು ನಮ್ಮ ಯಜಮಾನರು ನಕ್ಕರು. ಕಾಕಾ ನಗಲಿಲ್ಲ. “ಇದು ಚೀಲದ ಬಾಯಿ ತಮ್ಮಾ. ತಳ ಇನ್ನಾ ಕಂಡಿಲ್ಲ” ಎಂದರು.

ಕ್ಯೋಟೊ

ಇಲ್ಲಿ ಒಂದು ಗುಡಿಯ ಅಂಗಳದಲ್ಲಿ ಬಿಳಿ ಹರಳು ಹರವಿ, ಅದರ ಮೇಲೆ ಕುಂಟೆ ಹೊಡೆದಂತೆ ಗೆರೆ ಎಳೆದಿದ್ದರು. ನಡುನಡುವೆ ಒಂದೊಂದು ಬಂಡೆ. ಮಂದಿ ಅದನ್ನೇ ನೋಡುತ್ತ ಮೌನವಾಗಿ ಕುಳಿತಿದ್ದರು. ಅತ್ತೆ ಬಹಳ ಹೊತ್ತು ನೋಡಿ, “ಹೊಲಾ ಹದ ಮಾಡಿ ಇಟ್ಟಾರ, ಕಲ್ಲು ಆರಿಸೂದ ಮರ್ತಾರ” ಎಂದರು.

ಆ ಗುಡಿಯಲ್ಲೇ ಮರದ ಹೊರಸಾಲಿಗೆಂದು ಕೊಟ್ಟಿದ್ದ ಮೆಟ್ಟಿನಲ್ಲಿ ಕಾಕಾ ಒಳಗಿನ ಚಾಪೆಯ ನೆಲಕ್ಕೆ ಒಂದು ಹೆಜ್ಜೆ ಇಟ್ಟುಬಿಟ್ಟರು. ಎಂದೂ ದನಿ ಎತ್ತದ ಓಕಾಬೆ “ನೋ!” ಎಂದು ಕೂಗಿದರು. ಆಮೇಲೆ ತಾವೇ ನಾಚಿ, ನೂರು ಸಲ ಬಾಗಿ, ಚಾಪೆಯ ಮೇಲೆ ಮೆಟ್ಟು ಹಾಕಿ ನಡೆಯುವುದು ಈ ದೇಶದಲ್ಲಿ ಯಾರೂ ಮಾಡದ ಕೆಲಸ, ಮನೆಗೆ ಬೆಂಕಿ ಬಿದ್ದರೂ ಮೊದಲು ಮೆಟ್ಟು ಬಿಡುತ್ತಾರೆ ಎಂದು ವಿವರಿಸಿದರು. ಬೆಂಕಿಯ ಮಾತನ್ನು ತಮಾಷೆಗೆ ಹೇಳಿದ್ದರು. ಕಾಕಾ ಆ ದಿನವಿಡೀ ಅವರೊಡನೆ ಮಾತಾಡಲಿಲ್ಲ.

ಗುಡ್ಡದ ಊರು

ಐದನೆಯ ದಿನ ಗುಡ್ಡಗಾಡಿನ ಒಂದು ಹಳ್ಳಿಗೆ ಬಂದೆವು. ದಪ್ಪ ಹುಲ್ಲಿನ ಚಾವಣಿಯ ಹಳೆಯ ಮನೆಯನ್ನು ಒಬ್ಬ ಮುದುಕಿ ತಂಗುಮನೆ ಮಾಡಿಕೊಂಡಿದ್ದಳು. ಮಳೆ, ಚಳಿ. ನಮ್ಮ ಕೋಣೆಯ ನಡುವೆ ನೆಲದಲ್ಲೊಂದು ಚೌಕ ಗುಂಡಿ, ಅದರ ತಳದಲ್ಲಿ ಬೂದಿಯ ಮೇಲೆ ಇದ್ದಿಲ ಕೆಂಡ. ಗುಂಡಿಯ ಮೇಲೆ ಗಿಡ್ಡ ಮೇಜು. ಮೇಜಿನ ಸುತ್ತ ನೆಲದವರೆಗೆ ಇಳಿಬಿದ್ದ ದಪ್ಪ ರಜಾಯಿ. ಸುತ್ತಲೂ ಕುಳಿತು ರಜಾಯಿಯೊಳಗೆ ಕಾಲು ಇಳಿಬಿಟ್ಟರೆ ಸೊಂಟದವರೆಗೆ ಬೆಚ್ಚಗೆ. ಈಗ ಬಹಳ ಮನೆಗಳಲ್ಲಿ ಇದಕ್ಕೆ ಕರೆಂಟು ಹಾಕಿಸಿದ್ದಾರೆ, ಈ ಮುದುಕಿ ಮಾತ್ರ ಇದ್ದಿಲನ್ನೇ ಇಟ್ಟುಕೊಂಡಿದ್ದಾಳೆ ಎಂದರು ಓಕಾಬೆ. ಅವರಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಅತ್ತೆಗೆ ಬಂದಾಗಿನಿಂದ ಮೆಚ್ಚುಗೆಯಾದ ಮೊದಲ ವಸ್ತು ಅದು. ಸವಿತಾ ರಜಾಯಿಯ ಅಂಚು ಎತ್ತಿ ಒಳಗೆ ನುಸುಳಿ, “ಇದು ನನ್ನ ಮನೀ! ಯಾರೂ ಬರಬ್ಯಾಡ್ರಿ!” ಎಂದು ಕೂಗಿದಳು.

ಓಕಾಬೆ ಗಂಟೆಗೊಮ್ಮೆ ಬರತೊಡಗಿದರು. ಬಾಗಿಲು ಸರಿಸಿ, ಎಣಿಸಿ, ನೇರ ಮೇಜಿನ ಹತ್ತಿರ ಬಂದು ರಜಾಯಿಯ ಅಂಚು ಎತ್ತಿ ಒಳಗೆ ಇಣುಕುತ್ತಿದ್ದರು. ಅತ್ತೆಯ ಕಾಲು ಅದರೊಳಗೆ, ನನ್ನ ಕಾಲು ಅದರೊಳಗೆ. ಎರಡನೆಯ ಸಲ ಅತ್ತೆ ಸೀರೆ ಸರಿಪಡಿಸಿಕೊಂಡರು. ಮೂರನೆಯ ಸಲ ಕೆಂಪಾದರು.

“ಹೆಣಮಕ್ಕಳು ಕಾಲಿಟ್ಟಲ್ಲೆ ಬಂದು ಬಗ್ಗಿ ನೋಡ್ತಾನಲ್ಲ, ಇಂವಗ ಅಕ್ಕ ತಂಗೇರಿಲ್ಲೇನು?”

“ಕಂಡ್ತಲ್ಲ ತಳ!” ಎಂದರು ಕಾಕಾ. ಐದು ದಿನ ಕಾದದ್ದು ಸಿಕ್ಕಿತೆಂಬ ಸಮಾಧಾನ ಅವರ ದನಿಯಲ್ಲಿತ್ತು. ನನ್ನತ್ತ ತಿರುಗಿ, “ಹೇಳವಾ ಅಂವಗ. ಕರೀದ ಒಳಗ ಬರಬ್ಯಾಡ ಅನ್ನು. ಖಡಕ್ಕಾಗಿ ಹೇಳು” ಎಂದರು.

ನಾನು ಹೇಳಿದೆ. ಅವರು ಹೇಳಿಸಿದರೆಂದಲ್ಲ. ನನಗೂ ಆ ಇಣುಕು ಹಿಡಿಸಿರಲಿಲ್ಲ. ಹೊರಸಾಲಿನಲ್ಲಿ ನಿಂತು, ಇಲ್ಲಿ ಹೆಂಗಸರಿದ್ದಾರೆ, ಕರೆಯದೆ ಒಳಗೆ ಬರಬೇಡಿ ಎಂದೆ. ಓಕಾಬೆಯ ಮುಖ ಕಿವಿಯವರೆಗೆ ಕೆಂಪಾಯಿತು. ಆಳವಾಗಿ ಬಾಗಿ ಕ್ಷಮೆ ಕೇಳಿದರು. ಆಮೇಲೆ, “ಕಿಟಕಿ ಎರಡು ಬೆರಳು ತೆರೆದಿರಲಿ, ಮಗು ತಲೆ ಒಳಗಿಟ್ಟು ಮಲಗದಿರಲಿ, ದಯವಿಟ್ಟು” ಎಂದರು.

ಈ ಮಾತನ್ನು ನಾನು ಒಳಗೆ ಹೋಗಿ ಹೇಳಲಿಲ್ಲ. ಸಿಕ್ಕಿಬಿದ್ದವನು ನೆಪ ಹೇಳುತ್ತಾನೆ ಎಂದುಕೊಂಡೆ. ಇದ್ದಿಲು ಮುಚ್ಚಿದ ಜಾಗದಲ್ಲಿ ಉರಿದರೆ ಹುಟ್ಟುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು. ಬ್ಯಾಡಗಿಯಲ್ಲಿ ಬದುಕಿದವರಿಗೆ ಅಪಾಯವೆಂದರೆ ಮೂಗಿಗೆ ಮೊದಲು ಬಡಿಯುವಂಥದ್ದು. ನಮ್ಮ ಅಡುಗೆಮನೆಯಲ್ಲಿ ಒಲೆಯ ಮೇಲೆ ಗವಾಕ್ಷಿ ಇರುತ್ತದೆ, ಹೊಗೆ ತನ್ನ ಪಾಡಿಗೆ ಹೋಗುತ್ತದೆ. ಪುಸ್ತಕದ ಆ ಸಾಲು ಈ ಗುಂಡಿಯದೇ ಎಂದು ನನಗೆ ಹೊಳೆಯಲೇ ಇಲ್ಲ.

ಅದೇ ಊರು, ಮರುದಿನ ಮಧ್ಯಾಹ್ನ

ಮಳೆ ಬಿಟ್ಟಿರಲಿಲ್ಲ. ಸವಿತಾ ಬೆಳಗಿನಿಂದ ತನ್ನ “ಮನೆ”ಯಲ್ಲೇ ಆಡಿ, ಊಟದ ಹೊತ್ತಿಗೆ ತಲೆನೋವೆಂದು ಅತ್ತಳು. ರೊಟ್ಟಿ ಮುಟ್ಟಲಿಲ್ಲ. ನನ್ನ ತಲೆಯೂ ಭಾರವಾಗಿತ್ತು, ಗುಡ್ಡದ ಚಳಿಯೆಂದುಕೊಂಡೆ. ನಮ್ಮ ಯಜಮಾನರು ಊರಿನ ಬಿಸಿನೀರಿನ ಬುಗ್ಗೆಗೆ ಸ್ನಾನಕ್ಕೆ ಹೋದರು. ಸವಿತಾ ರಜಾಯಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಮಲಗಿದಳು.

“ಅಂವನ ಕಣ್ಣ ಇದು” ಎಂದರು ಅತ್ತೆ. “ಐದು ದಿನಾ ಎಣಿಸ್ಯಾನ ಕೂಸನ್ನ.” ಗಂಟು ಬಿಚ್ಚಿದರು.

“ಅತ್ತಿ, ಮಂದಿ ಮನಿಯಾಗ ಘಾಟು ಹಾಕಿದ್ರ ಬೈತಾರ್ರೀ.”

“ಕಿಡಕಿ ಮುಚ್ಚು. ಹೊರಗ ಹೋಗಂಗಿಲ್ಲ.”

ನಾನೇ ಕಿಟಕಿ ಮುಚ್ಚಿದೆ. ಸಂದಿಗೆ ಕಾಕಾ ತಮ್ಮ ಶಾಲು ತುರುಕಿದರು. ಅತ್ತೆ ಮುಷ್ಟಿ ಕಟ್ಟಿ ಮಗುವಿನ ಮೇಲೆ ಮೂರು ಸಲ ನಿವಾಳಿಸಿ, ತಮ್ಮ ಕಡೆಯಿಂದ ರಜಾಯಿ ಎತ್ತಿ ಕೆಂಡಕ್ಕೆ ಎಸೆದು, ತಕ್ಷಣ ಮುಚ್ಚಿದರು. ಉಪ್ಪು ಚಟಪಟ ಎಂದಿತು. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ಕೆಂಡಕ್ಕೆ ಬಿದ್ದರೆ ಅದೂ ಮೆಣಸಿನಕಾಯಿಯೇ. ರಜಾಯಿಯ ಅಂಚಿನಿಂದ ಘಾಟು ನುಸುಳಿ ಬಂತು. ಕಾಕಾ ಕೆಮ್ಮಿದರು, ಅತ್ತೆ ಕೆಮ್ಮಿದರು, ನಾನು ಕೆಮ್ಮಿದೆ. ಕಣ್ಣು ತುಂಬಿ ಏನೂ ಕಾಣದಾಯಿತು.

ಹೊರಸಾಲಿನಲ್ಲಿ ಓಡಿ ಬರುವ ಹೆಜ್ಜೆ.

“ಬಂದ ನೋಡು! ಬಾಗಲಾ ಹಿಡೀ!” ಎಂದರು ಕಾಕಾ.

ನಾನು ಹೋಗಿ ಹಿಡಿದೆ. ಎರಡೂ ಕೈಯಿಂದ. ಓಕಾಬೆ ಆಚೆ ಬಂದು ನಿಂತರು. ಬಾಗಿಲಿಗೆ ಕೈ ಹಚ್ಚಲಿಲ್ಲ. ಕರೆಯದೆ ಬರಬೇಡಿ ಎಂದಿದ್ದೆನಲ್ಲ.

“ಮೇಡಂ, ಒಳಗೆ ಬರಬಹುದೇ?”

ನಾನು ಬಾಗಿಲನ್ನು ಇನ್ನಷ್ಟು ಒತ್ತಿ ಹಿಡಿದೆ.

“ಮೇಡಂ, ದಯವಿಟ್ಟು. ಬರಬಹುದೇ?”

“ಏನೂ ಇಲ್ಲ, ನಾವು ಚೆನ್ನಾಗಿದ್ದೇವೆ” ಎಂದೆ, ಕೆಮ್ಮಿನ ನಡುವೆ. ಆಚೆ ಸ್ವಲ್ಪ ಹೊತ್ತು ಸದ್ದಿಲ್ಲ. ಈ ಸ್ವಲ್ಪ ಹೊತ್ತೇ ನಾನು ದಿನಾ ಅಳೆಯುವುದು. ಆಮೇಲೆ ಆ ದನಿ ಬೇರೆಯಾಯಿತು.

“ಮೇಡಂ, ನಿಮ್ಮ ಯಜಮಾನರು ಸ್ನಾನಕ್ಕೆ ಹೋಗಿದ್ದಾರೆ. ಒಳಗೆ ನಾಲ್ಕು ಜನ. ನನಗೆ ಮೂರು ಕೆಮ್ಮು ಕೇಳುತ್ತಿದೆ.”

ಅದೇ ಹೊತ್ತಿಗೆ ಹಿಂದಿನಿಂದ ಅತ್ತೆ, ಗೆದ್ದವರ ದನಿಯಲ್ಲಿ, “ನೋಡವಾ ನೋಡು! ನಾವು ಮೂರೂ ಮಂದಿ ಸಾಯಂಗ ಕೆಮ್ಮಾಕತ್ತೇವಿ, ಆಕೀಗೆ ಘಾಟ ಹತ್ತವಲ್ದು! ಎಂಥಾ ದೃಷ್ಟಿ ಇತ್ತು!” ಎಂದರು.

ನಾನು ತಿರುಗಿದೆ. ಮಗು ಮಲಗಿದ್ದ ಕಡೆ ತಲೆ ಇರಲಿಲ್ಲ. ರಜಾಯಿಯ ಹೊರಗೆ ಎರಡು ಪಾದ ಮಾತ್ರ ಇದ್ದವು. ನಾವು ಕಿಟಕಿಗೆ ಶಾಲು ತುರುಕುತ್ತಿದ್ದಾಗಲೋ, ಘಾಟಿಗೆ ಕಣ್ಣು ಒರೆಸಿಕೊಳ್ಳುವಾಗಲೋ ಹೊರಳಿ ತಲೆ ಮುಂದಾಗಿ ತನ್ನ “ಮನೆ”ಯೊಳಗೆ ನುಸುಳಿದ್ದಳು. ಪುಸ್ತಕದ ಸಾಲು ಆಗ ಬಂತು, ಅಚ್ಚಾದ ಹಾಗೆ, ಪುಟದ ಬಲಗಡೆ, ಕೆಳಗಿನಿಂದ ಮೂರನೆಯದು.

ಬಾಗಿಲು ಬಿಟ್ಟೆ. ಓಕಾಬೆ ಒಳಗೆ ನುಗ್ಗಿದರು. ಕಾಲಲ್ಲಿ ಮೆಟ್ಟು ಹಾಗೇ ಇತ್ತು. ಚಾಪೆಯ ಮೇಲೆ ನಾಲ್ಕೇ ಹೆಜ್ಜೆಯಲ್ಲಿ ದಾಟಿ ಎರಡು ಪಾದ ಹಿಡಿದು ಎಳೆದರು. ಸವಿತಾಳ ಕುತ್ತಿಗೆ ಒದ್ದೆ ಬಟ್ಟೆಯಂತೆ ಜೋತುಬಿತ್ತು. ತುಟಿ ಎಳೆಗೆಂಪು, ನೋಡಲು ಆರೋಗ್ಯದ ಬಣ್ಣ, ಆದರೆ ಆ ವಿಷಾನಿಲ ಹಚ್ಚಿದ ಬಣ್ಣ. ಅವಳನ್ನು ಎತ್ತಿಕೊಂಡು ಹೊರಸಾಲು ದಾಟಿ ಮಳೆಗೆ ಒಯ್ದರು. ಬೆನ್ನು ತಟ್ಟಿದರು, ಹೆಸರು ಕೂಗಿದರು. ಐದು ದಿನದಲ್ಲಿ ಅವರು ಅವಳ ಹೆಸರನ್ನು ಎಷ್ಟು ಚೆನ್ನಾಗಿ ಕಲಿತಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಮಳೆ ಮುಖಕ್ಕೆ ಹೊಡೆಯಿತು. ಒಂದು ಸಲ ಎದೆ ಎದ್ದಿತು. ವಾಂತಿಯಾಯಿತು. ಆಮೇಲೆ ಅವಳು ಕೆಮ್ಮಿದಳು.

ಓಕಾಬೆ ಮಳೆಯಲ್ಲೇ ಕುಕ್ಕರಿಸಿ ಕುಳಿತು ಬೆರಳು ಎತ್ತಿದರು. ಕಾಕಾ, ಅತ್ತೆ, ನಾನು, ಸವಿತಾ. ನಾಲ್ಕು. ಈ ಸಲ ಅತ್ತೆ ಮಗುವನ್ನು ಮುಚ್ಚಲಿಲ್ಲ.

ಕೆಳಗಿನ ಊರಿನ ಆಸ್ಪತ್ರೆಯಲ್ಲಿ ಅವಳಿಗೆ ಮರುದಿನದವರೆಗೆ ಆಮ್ಲಜನಕ ಕೊಟ್ಟರು. ಎಚ್ಚರವಾದಾಗ ಚುರುಮುರಿ ಕೇಳಿದಳು. ನಾವು ಸಾಮಾನು ಒಯ್ಯಲು ಗುಡ್ಡದ ಮನೆಗೆ ಮರಳಿದಾಗ ಓಕಾಬೆ ಒದ್ದೆ ಬಟ್ಟೆ ಹಿಡಿದು ಮೊಣಕಾಲೂರಿ, ಚಾಪೆಯ ಮೇಲಿನ ತಮ್ಮದೇ ಹೆಜ್ಜೆಗುರುತು ಒರೆಸುತ್ತಿದ್ದರು. ಮುದುಕಿ ಬಾಗಿಲಲ್ಲಿ ನಿಂತಿದ್ದಳು. ಅವರು ಅವಳ ಕ್ಷಮೆ ಕೇಳುತ್ತಿದ್ದರು. ಕಾಕಾ ಹೆಗಲ ಮೇಲಿನ ವಲ್ಲಿಯನ್ನು ತೆಗೆದು, ನೋಯುವ ಮೊಣಕಾಲು ಊರಿ ಪಕ್ಕದಲ್ಲಿ ಕುಳಿತು ಒರೆಸತೊಡಗಿದರು. ಏನಾದರೂ ಹೇಳಬೇಕೇನೋ ಎಂದು ನಾನು ಕಾದೆ. ದಾಟಿಸುವುದಕ್ಕೆ ಅಲ್ಲಿ ಮಾತೇ ಇರಲಿಲ್ಲ.

ಮತ್ತೆ ಬ್ಯಾಡಗಿ

ವಿಮಾನ ನಿಲ್ದಾಣದಲ್ಲಿ ಓಕಾಬೆ ಕೊನೆಯ ಸಲ ಎಣಿಸಿದರು. ಅವರು ಬಾಗಿದಾಗ ಅತ್ತೆ, “ನಿಂದ್ರಪಾ” ಎಂದು ಗಂಟು ಬಿಚ್ಚಿದರು. ಉಳಿದಿದ್ದ ಏಳು ಮೆಣಸಿನಕಾಯಿ, ಚೂರು ಉಪ್ಪು ಮುಷ್ಟಿಯಲ್ಲಿ ಹಿಡಿದು, ಅಷ್ಟು ಮಂದಿಯ ನಡುವೆ, ಅವರ ತಲೆಯಿಂದ ಕಾಲವರೆಗೆ ಮೂರು ಸಲ ನಿವಾಳಿಸಿದರು. ಓಕಾಬೆ ಕಣ್ಣು ಮಿಟುಕಿಸದೆ ನಿಂತಿದ್ದರು. ಇದು ಏನೆಂದು ನನ್ನನ್ನು ಕೇಳಿದರು.

“ಏನಂತ ಹೇಳ್ಲಿರೀ ಅತ್ತಿ?”

“ನಮ್ಮ ಕಣ್ಣು ತಾಗ್ಯಾವಪಾ ನಿನಗ ಅಂತ ಹೇಳು. ಐದು ದಿನಾ, ಎಂಟು ಕಣ್ಣು.”

ಒಂದು ಮಾತೂ ಬಿಡದೆ ಹೇಳಿದೆ. ಅವರು ಬಹಳ ಹೊತ್ತು ಬಾಗಿಯೇ ಇದ್ದರು.

ಅಲ್ಲಿ ಬೆಂಕಿ ಎಲ್ಲಿ? ಅತ್ತೆ ಆ ಕಾಯಿಗಳನ್ನು ಬೇರೆ ಕಟ್ಟಿ, ಯಾವುದಕ್ಕೂ ಬಳಸದೆ ಊರಿಗೆ ತಂದರು. ಮನೆ ತಲುಪಿದ ದಿನ ಕೈಕಾಲು ತೊಳೆಯುವ ಮೊದಲೇ ಒಲೆ ಹೊತ್ತಿಸಿ ಅದರೊಳಗೆ ಹಾಕಿದರು. ನಾನು ಹೋಗಿ ಗವಾಕ್ಷಿಯ ಹಗ್ಗ ಎಳೆದು ಪೂರ್ತಿ ತೆರೆದೆ. ಹಿತ್ತಲ ಬಾಗಿಲು ತೆರೆದೆ, ಮುಂಬಾಗಿಲು ತೆರೆದೆ. ಘಾಟು ಎದ್ದಿತು. ಕಾಕಾ ಕೆಮ್ಮಿದರು. ಅತ್ತೆ, ನಮ್ಮ ಯಜಮಾನರು, ನಾನು. ಸೆರಗು ಬಾಯಿಗೆ ಒತ್ತಿಕೊಂಡು ನಾನು ಎಣಿಸುತ್ತಿದ್ದೆ. ನಾಲ್ಕು.

ಅಂಗಳದಲ್ಲಿ ಸವಿತಾ ಕೆಮ್ಮಿದಳು. ಐದು.